ಆಡು ಇಲ್ಲದ ಚಿತ್ರ

ಮಾರ್ಚ್ 3

ಮಾನ್ಯರೇ,

ಹೀಗೆ ಬರೆದು, ಪೆನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ಕುಳಿತಿದ್ದೆ. ಪ್ರೆಸ್ಸಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ‘ಬಣ್ಣದವರೇ’ ಎನ್ನುವ ಸಲಿಗೆ ಈಗಲೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಇಷ್ಟು ವರ್ಷ ಮಾತು ಬಿಟ್ಟವರ ನಡುವೆ ‘ಮಾನ್ಯರೇ’ ಎಂಬುದೇ ಕ್ಷೇಮ.

ನಾನು ಟೀಚರ್. ಹುಡುಗಿಯರ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು, ತಿಂಗಳಿಗೊಮ್ಮೆ ಮಕ್ಕಳ ಪತ್ರಿಕೆಯ ಆ ಕಬ್ಬಿಣದ ಮೆಟ್ಟಿಲು ಹತ್ತಿ ನಿಮ್ಮೊಡನೆ ಜಗಳವಾಡಲು ಬರುತ್ತಿದ್ದವಳು. ಇಷ್ಟು ಸಾಲದಿದ್ದರೆ ಇನ್ನೊಂದು ಗುರುತು ಹೇಳುತ್ತೇನೆ. ಪ್ರೆಸ್ಸಿನ ಹಿತ್ತಲಲ್ಲಿ ಕಟ್ಟಿರುತ್ತಿದ್ದ ನಿಮ್ಮ ಆಡು ನನ್ನ ಹೊಸ ಕೋಟಿನ ಗುಂಡಿಗಳನ್ನೆಲ್ಲ ಕಿತ್ತು ತಿಂದಿತ್ತು. ಅವಳಿಗೆ ಗುಂಡಿ ಎಂದು ಹೆಸರು ಬಿದ್ದದ್ದೇ ಅವತ್ತು.

ನಿನ್ನೆ ಮನೆಗೆ ಒಬ್ಬ ಹೆಣ್ಣುಮಗಳು ಬಂದಿದ್ದಳು. ಹೊಸದಾಗಿ ಪುಸ್ತಕ ಪ್ರಕಾಶನ ಶುರು ಮಾಡಿದ್ದಾಳೆ. ಚೀಲದಿಂದ ಹಳೆಯ ಸಂಚಿಕೆಗಳನ್ನು ತೆಗೆದು ನನ್ನ ಊಟದ ಮೇಜಿನ ಮೇಲೆ ಹರಡಿದಳು. ನಮ್ಮ ಧಾರಾವಾಹಿ ‘ಹಳದಿ ಗ್ರಹದಲ್ಲಿ ಗುಂಡಿ’ಯ ಎಲ್ಲ ಕಂತುಗಳೂ ಅವಳ ಹತ್ತಿರ ಇವೆ. “ಮೇಡಂ, ಚಿಕ್ಕವಳಿದ್ದಾಗ ಎರಡು ಸಲ ಬಾಗಿಲು ಹಾಕ್ಕೊಂಡು ಅತ್ತಿದ್ದೀನಿ. ಒಂದು ನಮ್ಮಜ್ಜ ಹೋದಾಗ, ಇನ್ನೊಂದು ಗುಂಡಿ ಹೋದಾಗ” ಎಂದಳು. ಎಲ್ಲವನ್ನೂ ಒಂದೇ ಪುಸ್ತಕವಾಗಿ, ನಿಮ್ಮ ಚಿತ್ರಗಳ ಸಮೇತ ತರಬೇಕಂತೆ. ಅದಕ್ಕೆ ನಿಮ್ಮ ಸಹಿ ಬೇಕು, ಜೊತೆಗೆ ಹೊಸ ಮುಖಪುಟವೊಂದು ಬೇಕು.

ನಿಮ್ಮ ವಿಳಾಸ ಕೊಟ್ಟವಳೂ ಅವಳೇ. ಯಾವುದೋ ಊರಿನ ಬಸ್ ನಿಲ್ದಾಣದ ಎದುರು, ಹೊಲಿಗೆ ಅಂಗಡಿಯ ಬೋರ್ಡಿನಲ್ಲಿ ಒಂದು ಆಡು ಅಂಗಿಯ ಗುಂಡಿ ಕಚ್ಚಿಕೊಂಡು ನಿಂತಿತ್ತಂತೆ. ಆ ಗಡ್ಡ ನೋಡಿದವಳೇ ಬಸ್ಸಿನಿಂದ ಇಳಿದುಬಿಟ್ಟಳಂತೆ.

ಅವಳು ಹೋದ ಮೇಲೆ ಮೊದಲಿನಿಂದ ಓದಿದೆ. ಎಂಥಾ ಹುಚ್ಚು ಧೈರ್ಯ ಇತ್ತು ನಮಗೆ. ಊರೆಲ್ಲ ಕಥೆ ಬರೆದು ಆಮೇಲೆ ಚಿತ್ರ ಬರೆಸಿದರೆ, ಬಣ್ಣದ ಪುಟ ಮೊದಲು ಅಚ್ಚಿಗೆ ಹೋಗಬೇಕು ಎಂಬ ಒಂದೇ ಕಾರಣಕ್ಕೆ ನಮ್ಮದು ಉಲ್ಟಾ. ನೀವು ಮೊದಲು ಚಿತ್ರ ಬರೆಯುವುದು, ನಾನು ಅದಕ್ಕೆ ಕಥೆ ಹೊಂದಿಸುವುದು. ಕಂತು ಆ ಚಿತ್ರದ ದೃಶ್ಯದಲ್ಲೇ ಮುಗಿಯಬೇಕು. ಚಿತ್ರದಲ್ಲಿ ಇದ್ದವರು ಇರಬೇಕು, ಇಲ್ಲದವರು ಇರಬಾರದು. ಒಬ್ಬರನ್ನೊಬ್ಬರು ಏನೂ ಕೇಳುವಂತಿಲ್ಲ. ಗುಂಡಿ ಬಾಹ್ಯಾಕಾಶ ನೌಕೆಯ ‘ಮನೆ’ ಎಂಬ ಬಟನ್ ನುಂಗುವುದನ್ನು ನೀವು ಬರೆದುಕೊಟ್ಟಿರಿ, ನೌಕೆ ಮನೆಯೊಂದನ್ನು ಬಿಟ್ಟು ಎಲ್ಲ ಕಡೆ ಅಲೆಯಿತು. ಗುಂಡಿ ಬಾಯಿ ತೆರೆದು ಅರಚುತ್ತಿದ್ದರೂ ನಮ್ಮ ಚಾಲಕಿ ಹುಡುಗಿ ಬೆನ್ನು ತಿರುಗಿಸಿ ನಿಂತಿರುವ ಚಿತ್ರ ಕೊಟ್ಟಿರಿ, ನಾನು ಇವತ್ತು ಕೂಗಿದ್ದು ನಾಳೆ ಕೇಳಿಸುವ ಗ್ರಹವನ್ನೇ ಹುಟ್ಟಿಸಬೇಕಾಯಿತು. ಓದುತ್ತಾ ಒಬ್ಬಳೇ ನಕ್ಕೆ.

ಒಪ್ಪಿಗೆ ಕಳಿಸಿ. ಮುಖಪುಟವನ್ನೂ ಬರೆಯಿರಿ.

ಇತಿ,
ಟೀಚರ್


ಮಾರ್ಚ್ 22

ಟೀಚರ್ ಅವರಿಗೆ,

ಕಾಗದ ತಲುಪಿತು. ಆ ಹೆಣ್ಣುಮಗಳು ನಮ್ಮ ಅಂಗಡಿಗೆ ಬಂದದ್ದು ನಿಜ. ಒಂದು ಅಂಗಿಯನ್ನೂ ಹೊಲಿಸದೆ ಬರೀ ಬೋರ್ಡು ನೋಡಿಕೊಂಡು ಹೋದಳು ಎಂದು ನನ್ನ ತಂಗಿ ಇನ್ನೂ ಗೊಣಗುತ್ತಿದ್ದಾಳೆ. ಅಂಗಡಿ ಅವಳದು.

ಉಳಿದ ಕಂತುಗಳ ಚಿತ್ರಗಳನ್ನು ಹಾಕಿಕೊಳ್ಳಲಿ. ಕೊನೆಯ ಕಂತು ಇರುವ ಪುಸ್ತಕಕ್ಕೆ ನನ್ನ ಸಹಿ ಇಲ್ಲ. ಗುಂಡಿಯನ್ನು ಒಂದು ಸಲ ಆ ಮರಳಿನಲ್ಲಿ ಬಿಟ್ಟು ಬಂದದ್ದು ಸಾಕು.

ಮುಖಪುಟ ನನ್ನಿಂದ ಆಗುವುದಿಲ್ಲ. ಯಾಕೆ ಎಂದು ಕೇಳಬೇಡಿ. ಕೇಳದೆ ಇರುವುದು ನಮಗೆ ಅಭ್ಯಾಸವೇ ಇದೆಯಲ್ಲ.

ಇತಿ,
ಬಣ್ಣದವನು


ಏಪ್ರಿಲ್ 2

ಬಣ್ಣದವರೇ,

ಸಲಿಗೆ ಇಲ್ಲದಿದ್ದರೂ ಹೀಗೇ ಕರೆಯುತ್ತೇನೆ, ಯಾಕೆಂದರೆ ನನಗೆ ಸಿಟ್ಟು ಬಂದಿದೆ. ಒಂದೊಂದು ಅಕ್ಷರವನ್ನೂ ಬೋರ್ಡಿನ ಅಳತೆಯಲ್ಲಿ ಬರೆದು ನನ್ನ ಮೇಲೆ ಕೂಗಿದ್ದೀರಿ. ನಾಲ್ಕು ಮಾತಿಗೆ ನಾಲ್ಕು ಹಾಳೆ. ಕೂಗಲು ನನಗೂ ಬರುತ್ತದೆ.

ಗುಂಡಿಯನ್ನು ಬಿಟ್ಟವಳು ನಾನಾ? ಕೊನೆಯ ಚಿತ್ರ ಬರೆದವರು ಯಾರು? ಚಾಲಕಿಯ ಖಾಲಿ ಕುರ್ಚಿ, ಅದರ ಮೇಲೆ ‘ಮನೆ’ ಬಟನ್, ಆ ಕಡೆ ತೆರೆದ ಬಾಗಿಲು. ಆಡು ಎಲ್ಲೂ ಇರಲಿಲ್ಲ. ಪೆನ್ಸಿಲಿನಲ್ಲಿ ಅಷ್ಟು ಗೀಚಿ, ಮೂಲೆಯಲ್ಲಿ ‘ಬಣ್ಣ ಆಮೇಲೆ’ ಎಂದು ಬರೆದು, ಪ್ರೆಸ್ಸಿನವರ ಕೈಲಿ ಕೊಟ್ಟು ಕಳಿಸಿದಿರಿ. ನೀವು ಬರಲೂ ಇಲ್ಲ. ಎಷ್ಟೋ ದಿನ ಆ ಹಾಳೆಯ ಎದುರು ಕೂತಿದ್ದೆ. ಕುರ್ಚಿಯ ಹಿಂದೆ ಒಂದು ಕೋಡಿನ ತುದಿಯಾದರೂ ಕಂಡೀತಾ ಎಂದು ಭೂತಗನ್ನಡಿ ಹಿಡಿದು ಹುಡುಕಿದೆ. ಇಲ್ಲದವರು ಇರಬಾರದು ಎಂಬುದು ನಿಯಮ. ಇವರು ಅವಳ ಕಥೆ ಮುಗಿಸಿದ್ದಾರೆ, ಇನ್ನು ನಾನು ಮಾಡಬಹುದಾದದ್ದು ಅವಳನ್ನು ಮರ್ಯಾದೆಯಿಂದ ಕಳಿಸಿಕೊಡುವುದಷ್ಟೇ ಎಂದುಕೊಂಡೆ. ಇರುವ ಇಂಧನದಲ್ಲಿ ನೌಕೆ ಒಬ್ಬರನ್ನೇ ಹೊರುತ್ತದೆ ಎಂದು ತಿಳಿದು, ಗುಂಡಿ ಬಟನ್ನನ್ನು ಕಕ್ಕಿ ಕುರ್ಚಿಯ ಮೇಲಿಟ್ಟು, ತಾನೇ ಹಳದಿ ಮರಳಿಗೆ ಇಳಿದುಹೋದಳು ಎಂದು ಬರೆದೆ. ಬರೆಯುವಾಗ ನಾನು ಅತ್ತದ್ದು ನನಗೆ ಗೊತ್ತು. ಹಾಳೆಯನ್ನು ಬಣ್ಣಕ್ಕೆಂದು ಪ್ರೆಸ್ಸಿನವರ ಕೈಲೇ ನಿಮಗೆ ವಾಪಸ್ ಕಳಿಸಿದೆ.

ಸಂಚಿಕೆ ಬಂದಾಗ ನೋಡಿದರೆ ಬಾಗಿಲಿನ ಆಚೆ ನೀವು ಹಸಿರು ಬಳಿದಿದ್ದಿರಿ. ಕಥೆಯಲ್ಲಿ ಮರಳುಗಾಡು, ಪಕ್ಕದ ಪುಟದಲ್ಲಿ ಹಸಿರು. ನಕ್ಷೆಯಲ್ಲಿ ಮರುಭೂಮಿಗೆ ಹಸಿರು ಹಚ್ಚಿದ ಹುಡುಗಿಯರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಇವರಿಗೆ ನನ್ನ ಕಥೆ ಲೆಕ್ಕಕ್ಕೇ ಇಲ್ಲ ಎಂದುಕೊಂಡೆ. ಕೇಳೋಣವೆಂದು ಆಫೀಸಿಗೆ ಬಂದರೆ, ನೀವು ಊರು ಬಿಟ್ಟು ಬೋರ್ಡು ಬರೆಯುವ ಕೆಲಸಕ್ಕೆ ಹೋದಿರಿ ಎಂದರು. ಹೋಗುವ ಮುಂಚೆ ಒಂದು ಮಾತಿಲ್ಲ. ನನಗೂ ಬಿಗುಮಾನ ಇದೆ.

ಈಗ ಹೇಳಿ, ಬಿಟ್ಟು ಬಂದವರು ಯಾರು?

ಇತಿ,
ಟೀಚರ್


ಮೇ 11

ಟೀಚರಮ್ಮನವರಿಗೆ ನಮಸ್ಕಾರಗಳು.

ನಾನು ಬಣ್ಣದವನ ತಂಗಿ, ಟೈಲರ್. ನೀವು ನನ್ನನ್ನು ನೋಡಿಲ್ಲ, ಆದರೆ ನನ್ನ ಬಗ್ಗೆ ಬೇಕಾದಷ್ಟು ಬರೆದಿದ್ದೀರಿ. ನಿಮ್ಮ ಕಥೆಯ ಚಾಲಕಿಯ ಮೂಗು ನನ್ನದೇ. ಅಣ್ಣ ನನ್ನನ್ನು ಕಿಟಕಿ ಹತ್ತಿರ ಕೂರಿಸಿ, ತಲೆ ಮೇಲೆ ಪಾತ್ರೆ ಮಗುಚಿ ಹಾಕಿ, ಇದೇ ಹೆಲ್ಮೆಟ್ ಅಂತ ಬರೆಯುತ್ತಿದ್ದ.

ನಿಮ್ಮ ಏಪ್ರಿಲ್ ಕಾಗದವನ್ನು ಅಣ್ಣನಿಗೆ ನಾನೇ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದ. ಓದಿದೆ. ಹರಿದು ಹಾಕು ಅಂದ. ನಾನು ಹರಿಯಲಿಲ್ಲ, ಬಟ್ಟೆ ಬೀರುವಿನಲ್ಲಿ ಇಟ್ಟಿದ್ದೇನೆ. ಅವನಿಗೆ ಹೇಳದೆ ಇದನ್ನು ಬರೆಯುತ್ತಿದ್ದೇನೆ. ನೀವಿಬ್ಬರೂ ಕೇಳೋದಿಲ್ಲ, ಹೇಳೋದಿಲ್ಲ, ಹೀಗೇ ಕೂತಿದ್ದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಅವನು ನಿಮ್ಮ ಮೇಲೆ ಕೂಗಿಲ್ಲ. ಅವನಿಗೆ ಅಷ್ಟು ದೊಡ್ಡದಾಗಿ ಬರೆದರೆ ಮಾತ್ರ ತಾನು ಬರೆದದ್ದು ಕಾಣುತ್ತದೆ. ಎರಡೂ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ. ಯಾವುದನ್ನು ನೋಡಬೇಕೋ ಅದೇ ಮಾಯ, ಅಕ್ಕಪಕ್ಕದ್ದು ಮಸುಕಾಗಿ ಕಾಣುತ್ತದೆ. ಗೆರೆ ಕಾಣುವುದಿಲ್ಲ, ದೊಡ್ಡ ಬಣ್ಣವಾದರೆ ಕಾಣುತ್ತದೆ. ಮುಂದೆ ಅದೂ ಮಬ್ಬಾಗಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ನಮ್ಮ ಅಂಗಡಿಯ ಬೋರ್ಡೇ ಅವನು ಬರೆದ ಕೊನೆಯ ಬೋರ್ಡು.

ಇನ್ನೊಂದು ವಿಷಯ ನಿಮಗೆ ಗೊತ್ತಿದೆ ಅಂತ ನಾವು ಅಂದುಕೊಂಡಿದ್ದೆವು. ಕಾಗದ ನೋಡಿದರೆ ಗೊತ್ತಿಲ್ಲ ಅನ್ನಿಸಿತು. ಆ ಕೊನೆಯ ಚಿತ್ರದ ಸಮಯದಲ್ಲಿ ಗುಂಡಿಗೆ ಹುಷಾರಿರಲಿಲ್ಲ. ನಿಜವಾದ ಗುಂಡಿಗೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಅವಳು ಯಾವ ಸೊಪ್ಪನ್ನೂ ಮುಟ್ಟದೆ ಮಲಗಿಬಿಟ್ಟಿದ್ದಳು. ಅಣ್ಣ ಅವಳ ಪಕ್ಕ ಕೂತೇ ಪೆನ್ಸಿಲಿನಲ್ಲಿ ಆ ಚಿತ್ರ ಬರೆದ. ಬಣ್ಣ ಹಾಕಲು ಕೈಗೆ ಬಿಡುವಿರಲಿಲ್ಲ. ಅವಳು ಹೋದಳು. ಮಣ್ಣು ಮಾಡಿ ಬಂದು, ಕೈ ತೊಳೆದು, ಕೂತು ಹಸಿರು ಬಳಿದ. ಆಮೇಲೆ ಸಂಚಿಕೆ ಬಂತು. ಓದಿ, ಮಡಿಚಿಟ್ಟು, “ಇಲ್ಲಿರೋದು ಬೇಡ ಕಣೇ” ಅಂದ.

ಹೆಚ್ಚು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇಂತಿ,
ಟೈಲರ್


ಮೇ 19

ಪ್ರೀತಿಯ ಬಣ್ಣದವರೇ,

ನಿಮ್ಮ ತಂಗಿಯನ್ನು ಬೈಯಬೇಡಿ. ಬೈದರೆ ನಾನೇ ಬಸ್ಸು ಹತ್ತಿ ಬಂದು ನಿಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ.

ಗುಂಡಿ ಹೋದದ್ದು ನನಗೆ ಗೊತ್ತಿರಲಿಲ್ಲ. ಯಾರೂ ಹೇಳಲಿಲ್ಲ. ನಾನು ತಿಂಗಳಿಗೊಮ್ಮೆ ಬರುವವಳು. ಆ ಸಲ ಆಫೀಸಿಗೆ ಬಂದಾಗ ಹಿತ್ತಲಲ್ಲಿ ಹಗ್ಗ ಮಾತ್ರ ಇತ್ತು, ಊರು ಬಿಡುವಾಗ ಅವಳನ್ನೂ ಕರೆದುಕೊಂಡು ಹೋಗಿದ್ದೀರಿ ಅಂದುಕೊಂಡೆ. ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಅವಳು ನಿಮ್ಮ ಜೊತೆಗೇ ಇದ್ದಳು. ಆಡಿನ ಆಯಸ್ಸು ಅಷ್ಟಿರುವುದಿಲ್ಲ ಎಂದು ಟೀಚರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ಕಾಗದ ಓದಿದ ದಿನದಿಂದ ಹೊಸದಾಗಿ ದುಃಖವಾಗಿದೆ.

ಕತ್ತರಿಸಿದ ಕಾಗದದ ಚೂರುಗಳನ್ನು ಅವಳಿಗೆ ಹಾಕುತ್ತಿದ್ದುದು ನೆನಪಿದೆಯೇ? ಬಿಳಿ ಚೂರು ತಿನ್ನುತ್ತಿದ್ದಳು, ಮಸಿ ತಾಗಿದ್ದನ್ನು ಮೂಸಿ ಬಿಟ್ಟುಬಿಡುತ್ತಿದ್ದಳು. ಒಂದು ಸಲ ನನ್ನ ಇಡೀ ಕಂತನ್ನು ಮಸಿ ಸಮೇತ ತಿಂದಳು. “ಚೆನ್ನಾಗಿ ಬರೆದಿದ್ದೀರಿ ಅಂತ ಅರ್ಥ, ಟೀಚರ್” ಎಂದು ನೀವು ಅಂದಿರಿ. ನಾನು ಮುನಿಸಿಕೊಂಡು ಮತ್ತೆ ಕೂತು ಬರೆದೆ. ಎರಡನೆಯದು ಮೊದಲನೆಯದರಷ್ಟು ಚೆನ್ನಾಗಿರಲಿಲ್ಲ. ಅದನ್ನು ಅವಳು ಮೂಸಲೂ ಇಲ್ಲ.

ಈಗ ನಿಯಮ ಮುರಿದು ಕೇಳುತ್ತೇನೆ. ಆ ಚಿತ್ರದಲ್ಲಿ ಗುಂಡಿ ಎಲ್ಲಿದ್ದಳು?

ನಿಮ್ಮ,
ಟೀಚರ್


ಜೂನ್ 16

ಟೀಚರ್,

ಇದನ್ನು ನಾನು ಹೇಳುತ್ತಿದ್ದೇನೆ, ತಂಗಿ ಬರೆಯುತ್ತಿದ್ದಾಳೆ. ನಡುವೆ ತನ್ನದನ್ನು ಸೇರಿಸಬೇಡ ಎಂದಿದ್ದೇನೆ. (ಸೇರಿಸುತ್ತೇನೆ.)

ನೀವು ಕೇಳಿದ್ದಕ್ಕೆ ಉತ್ತರ ಹೇಳಲು ಇಷ್ಟು ದಿನ ಬೇಕಾಯಿತು. ಅವಳು ಮನೆಗೆ ಬಂದಿದ್ದಳು. ಆ ಚಿತ್ರದಲ್ಲಿ ನೌಕೆ ಹಳದಿ ಗ್ರಹದಲ್ಲಿಲ್ಲ, ಮನೆಯ ಮುಂದೆ ಇಳಿದಾಗಿದೆ. ಗುಂಡಿ ಕಕ್ಕಿದ ಬಟನ್ ಒತ್ತಿ ಆಗಿದೆ. ಚಾಲಕಿ ಅದನ್ನು ಕುರ್ಚಿಯ ಮೇಲಿಟ್ಟು ಎದ್ದಿದ್ದಾಳೆ. ಬಾಗಿಲು ತೆರೆದ ಕೂಡಲೇ ಎಲ್ಲರಿಗಿಂತ ಮೊದಲು ಹಾರಿ ಹುಲ್ಲಿಗೆ ಓಡಿದವಳು ಗುಂಡಿ, ಅದಕ್ಕೇ ಕಾಣುವುದಿಲ್ಲ. ಗುಂಡಿಯನ್ನು ಬಲ್ಲವರು ಯಾರಾದರೂ ಅವಳು ಬಾಗಿಲಲ್ಲಿ ಕಾಯುತ್ತಾ ನಿಂತಾಳು ಎಂದುಕೊಳ್ಳುತ್ತಾರೆಯೇ? ನೀವು ಬಲ್ಲಿರಿ, ಹೇಳುವುದೇ ಬೇಡ ಎಂದುಕೊಂಡೆ. ಬಾಗಿಲಿನ ಆಚೆ ಹಸಿರು ಎಂಬುದು ನನ್ನ ತಲೆಯಲ್ಲಿ ಮೊದಲ ಗೆರೆಯಿಂದಲೂ ಇತ್ತು. ಹಾಳೆಯ ಮೇಲೆ ಇರಲಿಲ್ಲ ಎಂಬುದು ಏಪ್ರಿಲ್ ಕಾಗದ ಕೇಳಿದ ಮೇಲೆ ಹೊಳೆಯಿತು. ಬರೀ ಗೆರೆ ನೋಡಿದವರಿಗೆ ಅದು ಯಾವ ಗ್ರಹವೂ ಆಗಬಹುದು.

ನಿಜವಾದ ಗುಂಡಿ ಮಲಗಿದಲ್ಲೇ ಇದ್ದಳು, ಎದ್ದು ಓಡಲಿ ಎಂದು ನನಗೆ ಆಸೆ. ಅದಕ್ಕೆ ಹಾಗೆ ಬರೆದೆ. ನಿಮ್ಮ ಕಂತು ಓದಿದಾಗ, ಅವಳು ಸತ್ತ ಸುದ್ದಿ ಕೇಳಿದ ನೀವು ಮಕ್ಕಳನ್ನು ಅಳಿಸಲು ಅದನ್ನು ಬಳಸಿಕೊಂಡಿದ್ದೀರಿ ಎಂದುಕೊಂಡೆ. ಅಷ್ಟು ಕೆಟ್ಟದಾಗಿ ಯೋಚಿಸಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬರುತ್ತದೆಯೇ?

ನಾವಿಬ್ಬರೂ ನಾಳೆ ಕೇಳಿಸುವ ಗ್ರಹದಲ್ಲೇ ಇದ್ದೆವು ಟೀಚರ್. ಅಲ್ಲಿ ಒಂದು ದಿನ ತಡ, ನಮಗೆ ಇಷ್ಟು ವರ್ಷ. (ಈಗ ಕಣ್ಣು ಒರೆಸಿಕೊಂಡ. ಕಣ್ಣಿನ ಔಷಧಿ ಅಂತ ಹೇಳುತ್ತಿದ್ದಾನೆ. ಔಷಧಿ ನಾನಿನ್ನೂ ಹಾಕೇ ಇಲ್ಲ.)

ಬಣ್ಣದವನು


ಜೂನ್ 25

ಬಣ್ಣದವರೇ,

ಕೊನೆಯ ಕಂತನ್ನು ಮತ್ತೆ ಬರೆಯುತ್ತೇನೆ. ಪ್ರಕಾಶನದ ಹುಡುಗಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. “ಹಾಗಾದ್ರೆ ಗುಂಡಿ ಮನೆಗೆ ಬಂದಿದ್ಲಾ ಮೇಡಂ?” ಎಂದು ಕೇಳಿದಳು. ಅಷ್ಟು ದೊಡ್ಡವಳ ಬಾಯಲ್ಲಿ ಅಷ್ಟು ಚಿಕ್ಕ ದನಿ. ಬಂದಿದ್ದಳು ಎಂದೆ.

ಆದರೆ ನಮ್ಮ ಪದ್ಧತಿ ಪದ್ಧತಿಯೇ. ಚಿತ್ರ ಮೊದಲು, ಕಥೆ ಆಮೇಲೆ. ಹಳೆಯ ಚಿತ್ರಕ್ಕೆ ಒಂದು ಸಲ ಬರೆದಾಗಿದೆ, ಮತ್ತೆ ಬರೆಯಲಾರೆ. ನನಗೆ ಹೊಸ ಚಿತ್ರ ಬೇಕು. ಅದೇ ಮುಖಪುಟವೂ ಆಗಲಿ. ಗೆರೆ ಕಾಣುವುದಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ, ಯಾಕೆಂದರೆ ನಿಮ್ಮ ಚಿತ್ರವಿಲ್ಲದೆ ಗುಂಡಿಯ ಬಗ್ಗೆ ಒಂದು ವಾಕ್ಯವನ್ನೂ ನಾನು ಯಾವತ್ತೂ ಬರೆದಿಲ್ಲ. ಮೊನ್ನೆಯಿಂದ ಪ್ರಯತ್ನಿಸುತ್ತಿದ್ದೇನೆ. ಬರುವುದಿಲ್ಲ.

ಹಳೆಯ ನಿಯಮಗಳಲ್ಲಿ ಒಂದನ್ನು ಕಿತ್ತು ಹಾಕಿದ್ದೇನೆ. ಇನ್ನು ಮೇಲೆ ಕೇಳಬಹುದು.

ನಿಮ್ಮ,
ಟೀಚರ್


ಆಗಸ್ಟ್ 30

ಟೀಚರ್,

ಗೆರೆ ಎಳೆಯಲು ನೋಡಿದೆ. ಗುಂಡಿ ಬರೆದರೆ ಸ್ಟೂಲು ಬಂತು. ತಂಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಬೇಜಾರಾಗಿ ಬಹಳ ದಿನ ಮುಟ್ಟಲಿಲ್ಲ.

ಹೋದ ಸಲ ನಿಮಗೆ ಬಣ್ಣವಿಲ್ಲದ ಗೆರೆ ಕಳಿಸಿದ್ದೆ. ಈ ಸಲ ಗೆರೆಯಿಲ್ಲದ ಬಣ್ಣ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಉಳಿದಿರುವುದು ಇಷ್ಟೇ.

ಬಣ್ಣದವನು


ಸೆಪ್ಟೆಂಬರ್ 5

ಬಣ್ಣದವರೇ,

ಹಾಳೆ ಬಂತು. ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಅಂಚಿನಿಂದ ಅಂಚಿನವರೆಗೆ ಹಸಿರು, ಒಂದೇ ಹಸಿರಲ್ಲ, ಬೆಳಗಿನ ಹುಲ್ಲಿನ ಹಾಗೆ ಅಲ್ಲಲ್ಲಿ ತೆಳು, ಅಲ್ಲಲ್ಲಿ ದಟ್ಟ. ಕೈ ಹಳೆಯದೇ. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಆದರೆ ಚಿತ್ರದಲ್ಲಿ ಇಲ್ಲದವರು ಇರಬಾರದು. ಮತ್ತೆ ಆಡಿಲ್ಲದ ಚಿತ್ರವನ್ನೇ ಕಳಿಸಿದ್ದೀರಿ, ನಾನು ಮತ್ತೆ ಅಲ್ಲೇ ಸಿಕ್ಕಿಕೊಂಡೆ ಎಂದುಕೊಂಡೆ.

ಮಡಿಚಿಡುವಾಗ ಬೆರಳಿಗೆ ತಾಗಿತು. ಕೆಳಗಿನ ಬಲಮೂಲೆ ಇಲ್ಲ. ಕತ್ತರಿಯಿಂದ ಕತ್ತರಿಸಿದ್ದಲ್ಲ, ಹರಿದದ್ದೂ ಅಲ್ಲ. ಅಂಚಿನಲ್ಲಿ ಪುಟ್ಟ ಪುಟ್ಟ ಗುರುತುಗಳಿವೆ. ಈ ಗುರುತು ನನಗೆ ಗೊತ್ತು, ನನ್ನ ಎಷ್ಟೋ ಹಾಳೆಗಳ ಮೇಲೆ ನೋಡಿದ್ದೇನೆ.

ಕೇಳಬಹುದು ಎಂದು ನಾನೇ ಹೇಳಿದ್ದೆನಲ್ಲ, ಕೇಳುತ್ತೇನೆ. ಮೂಲೆ ಯಾರು ತಿಂದದ್ದು?

ಟೀಚರ್


ಸೆಪ್ಟೆಂಬರ್ 14

ಟೀಚರಮ್ಮ,

ಇದನ್ನು ನಾನೇ ಹೇಳಬೇಕು, ಯಾಕೆಂದರೆ ತಪ್ಪು ನನ್ನದು. ಹಾಳೆ ಒಣಗಲಿ ಅಂತ ಅಂಗಡಿ ಮುಂದಿನ ಬೆಂಚಿನ ಮೇಲೆ ಇಟ್ಟು, ಒಂದು ಪ್ಯಾಂಟಿನ ಅಳತೆ ತೆಗೆಯಲು ಒಳಗೆ ಹೋದೆ. ಪಕ್ಕದ ಸೈಕಲ್ ರಿಪೇರಿಯವರ ಮನೆಯಲ್ಲಿ ಈ ವರ್ಷ ಆಡು ಮರಿ ಹಾಕಿದೆ. ಆ ಮರಿ ಇಡೀ ಬೀದಿಗೆ ತನ್ನದೇ ಯಜಮಾನಿಕೆ ಅಂದುಕೊಂಡಿದೆ. ನಾನು ಹೊರಗೆ ಬರುವ ಹೊತ್ತಿಗೆ ಮೂಲೆ ಅದರ ಬಾಯಲ್ಲಿತ್ತು. ಗದ್ದಕ್ಕೆಲ್ಲ ಹಸಿರು ಮೆತ್ತಿತ್ತು.

ನನಗೆ ಅಳುವೇ ಬಂತು. ಅಣ್ಣ ಎಷ್ಟೋ ದಿನ ಹಾಳೆಗೆ ಮೂಗು ತಾಗಿಸಿ ಕೂತು ಬಳಿದದ್ದು ಅದು. ಹೆದರಿಕೊಂಡು ಹೇಳಿದೆ, “ಅಣ್ಣಾ, ಇನ್ನೊಂದು ಬರಿ, ಬೇರೆ ಹಾಳೆ ತಂದ್ಕೊಡ್ತೀನಿ” ಅಂತ. ಅವನು ಹಾಳೆ ಇಸಿದುಕೊಂಡು ಆ ಅಂಚಿನ ಮೇಲೆ ಬೆರಳು ಆಡಿಸಿದ. ಒಂದು ಸಲ, ಮತ್ತೊಂದು ಸಲ. ಆಮೇಲೆ ನಕ್ಕ ನೋಡಿ, ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಬೇಡ ಕಣೇ. ಅವಳು ಸಹಿ ಹಾಕಿ ಆಯ್ತು. ಕಳಿಸು” ಅಂದ.

ಒಪ್ಪಿಗೆ ಪತ್ರದ ಮೇಲೆ ಅವನೂ ಸಹಿ ಹಾಕಿದ್ದಾನೆ, ಇದರ ಜೊತೆ ಇಟ್ಟಿದ್ದೇನೆ. ಸ್ವಲ್ಪ ಸೊಟ್ಟಗಾಗಿದೆ.

ಇಂತಿ,
ಟೈಲರ್


ಅಕ್ಟೋಬರ್ 9

ಪ್ರೀತಿಯ ಬಣ್ಣದವರೇ,

ಕಂತು ಮುಗಿಯಿತು. ಇಷ್ಟು ಸಲೀಸಾಗಿ ನಾನು ಯಾವತ್ತೂ ಬರೆದಿಲ್ಲ. ನಮ್ಮ ಪ್ರಕಾಶನದ ಹುಡುಗಿ ಓದಿ, ಪುಸ್ತಕದ ಪ್ರತಿಯೊಂದು ಪ್ರತಿಯ ಮುಖಪುಟದ ಮೂಲೆಯನ್ನೂ ಹಾಗೇ ಕತ್ತರಿಸುತ್ತೇವೆ ಎಂದಿದ್ದಾಳೆ. ಖರ್ಚಾಗುತ್ತದೆ ಎಂದು ಪ್ರೆಸ್ಸಿನವರು ಗೊಣಗಿದರಂತೆ, ಅವಳು ಕೇಳಿಲ್ಲ. ಪುಸ್ತಕ ಬಂದಾಗ ನಿಮ್ಮ ಕಣ್ಣಿಗೆ ಎಷ್ಟು ಕಾಣುತ್ತದೋ ನನಗೆ ಗೊತ್ತಿಲ್ಲ. ಬೆರಳಿಗೆ ತಿಳಿಯುತ್ತದೆ.

ಬರುವ ವಾರ ಬಸ್ಸು ಹತ್ತುತ್ತೇನೆ. ಕೋಟು ಹಾಕಿಕೊಂಡು ಬರುತ್ತೇನೆ, ಗುಂಡಿಗಳಿರುವ ಕೋಟು. ಆ ಮರಿಗೆ ಹೇಳಿ ಇಟ್ಟಿರಿ.

ಕೊನೆಯ ಸಾಲುಗಳನ್ನು ಇಲ್ಲಿ ಬರೆದಿದ್ದೇನೆ. ತಂಗಿಯವರೇ, ದಯವಿಟ್ಟು ಮಷೀನ್ ನಿಲ್ಲಿಸಿ, ಅವರಿಗೆ ನಿಧಾನವಾಗಿ ಓದಿ.

ನಿಮ್ಮ,
ಟೀಚರ್

“ಚಾಲಕಿ ಬಟನ್ ಒತ್ತಿದಳು. ನೌಕೆ ನಡುಗಿತು, ಗುಡುಗಿತು, ನಿಂತಿತು. ಪಟ್ಟಿ ಬಿಚ್ಚಿ ಅವಳು ಎದ್ದು ನೋಡುವಷ್ಟರಲ್ಲಿ ಬಾಗಿಲು ಆಗಲೇ ತೆರೆದಿತ್ತು. ಪಕ್ಕದ ಜಾಗ ಖಾಲಿ. ‘ಗುಂಡೀ’ ಎಂದು ಕರೆದಳು. ಉತ್ತರ ಬರಲಿಲ್ಲ. ಹೆದರಿಕೊಂಡೇ ಬಾಗಿಲಿಗೆ ಬಂದು ನಿಂತಳು. ಹೊರಗೆಲ್ಲ ಹಸಿರು, ಮನೆಯ ಮುಂದಿನ ಅದೇ ಹಸಿರು. ಅದರ ಒಂದು ಮೂಲೆಯಲ್ಲಿ ಮಾತ್ರ ಒಂದು ಬಾಯಿಯಷ್ಟು ಕಡಿಮೆ ಇತ್ತು.”